ವಜ್ರ ಸುಟ್ಟ ಲವಾಸಿಯೆ ತಲೆ ಕಡಿದ ಮೇಲೂ ಕಣ್ಣು ಮಿಟುಕಿಸಿದನೆ?

ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಫ್ರಾನ್ಸ್‌ನ ವಿಜ್ಞಾನಿ ಲವಾಸಿಯೆಗೆ ಗಿಲೊಟಿನ್ ಶಿಕ್ಷೆಯಾಯಿತಂತೆ. ತಲೆ ಕಡಿದ ಮೇಲೆ ಎಷ್ಟು ಹೊತ್ತು ಪ್ರಜ್ಞೆ ಉಳಿಯುತ್ತದೆ ಎಂದು ತಿಳಿಯಲು ಆತ ಕಣ್ಣು ಮಿಟುಕಿಸುತ್ತಲೇ ಇದ್ದನಂತೆ, ಪಕ್ಕದಲ್ಲಿ ನಿಂತ ಸಹಾಯಕ ಅದನ್ನು ಎಣಿಸಿದನಂತೆ. ಓದಲು ಮೈ ಜುಮ್ಮೆನ್ನುತ್ತದೆ. ಆದರೆ ಇದಕ್ಕೆ ಆ ಕಾಲದ ಒಂದು ದಾಖಲೆಯೂ ಇಲ್ಲ.

ಈ ಸುಳ್ಳು ಕತೆಯ ಗದ್ದಲದಲ್ಲಿ ಆತ ನಿಜವಾಗಿ ಮಾಡಿದ ಕೆಲಸ ಮರೆತುಹೋಗುತ್ತಿದೆ. ವಜ್ರ, ಇದ್ದಿಲು, ಸುಣ್ಣಕಲ್ಲು ಇವೆಲ್ಲದರಲ್ಲೂ ಇಂಗಾಲ ಇದೆ ಎಂದು ಇಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಆ ತಿಳಿವಿಗೆ ಬುನಾದಿ ಹಾಕಿದವರಲ್ಲಿ ಲವಾಸಿಯೆ ಮುಖ್ಯ. ಹಾಗಾಗಿ ಆತನ ಬದುಕನ್ನು ಮೊದಲಿನಿಂದ ನೋಡೋಣ.

ಕಾನೂನು ಓದಿ ಕಲ್ಲಿನ ಹಿಂದೆ ಹೋದವ

ಆಂಟ್ವಾನ್ ಲವಾಸಿಯೆ ಹುಟ್ಟಿದ್ದು 1743ರ ಆಗಸ್ಟ್ 26ರಂದು, ಪ್ಯಾರಿಸ್‌ನಲ್ಲಿ. ಐದು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ತಂದೆ ವಕೀಲ. ಮಗನೂ ಕಾನೂನು ಓದಿ 1764ರಲ್ಲಿ ವಕೀಲಿಕೆಗೆ ಅರ್ಹತೆ ಪಡೆದ. ಆದರೆ ಮನಸ್ಸು ಇದ್ದದ್ದು ಬೇರೆ ಕಡೆ. ಮನೆತನದ ಸ್ನೇಹಿತ ಗೆಟಾರ್ ಎಂಬ ಭೂವಿಜ್ಞಾನಿ ಫ್ರಾನ್ಸ್‌ನ ಯಾವ ಊರಿನಲ್ಲಿ ಯಾವ ಕಲ್ಲು, ಯಾವ ಖನಿಜ ಸಿಗುತ್ತದೆ ಎಂಬ ನಕ್ಷೆ ತಯಾರಿಸುತ್ತಿದ್ದ. ಇಪ್ಪತ್ತರ ಹುಡುಗ ಲವಾಸಿಯೆ ಅವನ ಜೊತೆ ಸೇರಿಕೊಂಡ.

1767ರಲ್ಲಿ ಇಬ್ಬರೂ ಕುದುರೆ ಏರಿ ವೋಜ್ ಬೆಟ್ಟಸೀಮೆಯನ್ನು ತಿಂಗಳುಗಟ್ಟಲೆ ಸುತ್ತಿದರು. ಲವಾಸಿಯೆ ಹೋದಲ್ಲೆಲ್ಲ ವಾಯುಭಾರಮಾಪಕ ಮತ್ತು ಉಷ್ಣಮಾಪಕ ಒಯ್ಯುತ್ತಿದ್ದ. ಕಲ್ಲಿನ ಹೆಸರು ಬರೆದುಕೊಂಡರಷ್ಟೇ ಸಾಲದು, ಅದು ಎಲ್ಲಿ ಸಿಕ್ಕಿತು, ಎಷ್ಟು ಎತ್ತರದಲ್ಲಿ ಸಿಕ್ಕಿತು ಎಂಬುದೂ ಅವನಿಗೆ ಬೇಕಿತ್ತು. ಈ ಅಭ್ಯಾಸವನ್ನು ನೆನಪಿಡಿ, ಲೇಖನದ ಕೊನೆಯಲ್ಲಿ ಇದು ಮತ್ತೆ ಬರುತ್ತದೆ.

1765ರಲ್ಲಿ ಅವನು ವಿಜ್ಞಾನ ಅಕಾಡೆಮಿಯ ಮುಂದೆ ಓದಿದ ಮೊದಲ ಪ್ರಬಂಧ ಜಿಪ್ಸಮ್ ಕುರಿತದ್ದು. ಜಿಪ್ಸಮ್ಮನ್ನು ಕಾಯಿಸಿದರೆ ಅದರೊಳಗಿನ ನೀರು ಆವಿಯಾಗಿ ಹೋಗಿ ಪುಡಿ ಉಳಿಯುತ್ತದೆ. ಆ ಪುಡಿಗೆ ನೀರು ಬೆರೆಸಿದರೆ ಅದು ನೀರನ್ನು ಮತ್ತೆ ಹಿಡಿದುಕೊಂಡು ಗಟ್ಟಿಯಾಗುತ್ತದೆ. ಗಣೇಶನ ಹಬ್ಬ ಬಂದಾಗಲೆಲ್ಲ ಸುದ್ದಿಯಾಗುವ ಪಿಒಪಿ ಮೂರ್ತಿ ಗಟ್ಟಿಯಾಗುವುದು ಇದೇ ಕಾರಣಕ್ಕೆ. ಲವಾಸಿಯೆ ಇದನ್ನು ತೂಕ ಮಾಡಿ ತೋರಿಸಿದ.

ಬಿಸಿಲಿನಲ್ಲಿ ಮಾಯವಾದ ವಜ್ರ

ವಜ್ರಕ್ಕೆ ಬೆಂಕಿ ತಾಗುವುದಿಲ್ಲ ಎಂಬುದು ಆಗಿನ ಅನೇಕ ಆಭರಣ ವ್ಯಾಪಾರಿಗಳ ನಂಬಿಕೆ. ವಜ್ರವನ್ನು ಇದ್ದಿಲ ಪುಡಿಯಲ್ಲಿ ಬಿಗಿಯಾಗಿ ಮುಚ್ಚಿ ಕಾಯಿಸಿದರೆ ಏನೂ ಆಗುತ್ತಿರಲಿಲ್ಲ. ಆದರೆ ತೆರೆದಿಟ್ಟು ಕಾಯಿಸಿದವರ ವಜ್ರ ಮಾಯವಾಗುತ್ತಿತ್ತು. ಅದು ಆವಿಯಾಗುತ್ತದೋ, ಉರಿದುಹೋಗುತ್ತದೋ ಯಾರಿಗೂ ಗೊತ್ತಿರಲಿಲ್ಲ.

1772ರಲ್ಲಿ ಲವಾಸಿಯೆ ಮತ್ತು ಇತರ ರಸಾಯನ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ಅಕಾಡೆಮಿಯ ಬಳಿ ಇದ್ದ ಭಾರಿ ಭೂತಗನ್ನಡಿಯಿಂದ ಸೂರ್ಯನ ಬಿಸಿಲನ್ನು ವಜ್ರದ ಮೇಲೆ ಬೀಳಿಸಿದರು. ಗಾಳಿ ಸಿಗದಂತೆ ಮುಚ್ಚಿದ ವಜ್ರ ಹಾಗೇ ಉಳಿಯಿತು, ಗಾಳಿ ಸಿಕ್ಕ ವಜ್ರ ಕರಗಿಹೋಯಿತು. ಹೊರಬಂದ ಅನಿಲವನ್ನು ಸುಣ್ಣದ ತಿಳಿನೀರಿಗೆ ಹಾಯಿಸಿದಾಗ ಅದು ಹಾಲಿನಂತೆ ಬೆಳ್ಳಗಾಯಿತು. ಇದ್ದಿಲು ಉರಿದಾಗ ಬರುವ ಅನಿಲವೂ ಹೀಗೇ ಮಾಡುತ್ತದೆ.

ವಜ್ರವೂ ಇದ್ದಿಲೂ ಒಂದೇ ಎಂದು ಆತ ಕೂಡಲೇ ಸಾರಿಬಿಡಬಹುದಿತ್ತು, ಆದರೆ ಸಾರಲಿಲ್ಲ. ಹೋಲಿಕೆ ಇದೆ ಎಂದಷ್ಟೇ ಹೇಳಿ ನಿಲ್ಲಿಸಿದ. ಅದನ್ನು ಖಚಿತಪಡಿಸಿದವನು ಇಂಗ್ಲೆಂಡಿನ ಸ್ಮಿತ್ಸನ್ ಟೆನಂಟ್, 1797ರಲ್ಲಿ. ಒಂದೇ ತೂಕದ ವಜ್ರ ಮತ್ತು ಇದ್ದಿಲು ಉರಿದರೆ ಅಷ್ಟೇ ಅನಿಲ ಬರುತ್ತದೆ ಎಂದು ಆತ ತೋರಿಸಿದ. ಅಷ್ಟರಲ್ಲಿ ಲವಾಸಿಯೆ ಸತ್ತು ಮೂರು ವರ್ಷವಾಗಿತ್ತು.

ಹೆಂಡತಿಯ ಪಾಲು

1771ರಲ್ಲಿ ಆತ ಮರಿ-ಆನ್ ಪೋಲ್ಜ್ ಎಂಬವಳನ್ನು ಮದುವೆಯಾದ. ಆಗ ಆಕೆಗೆ 13 ವರ್ಷ, ಆತನಿಗೆ 28. ಆಕೆ ಇಂಗ್ಲಿಷ್ ಕಲಿತು ಇಂಗ್ಲಿಷ್ ಪ್ರಬಂಧಗಳನ್ನು ಗಂಡನಿಗಾಗಿ ಅನುವಾದಿಸಿದಳು, ಪ್ರಯೋಗಗಳ ಟಿಪ್ಪಣಿ ಬರೆದಳು, ಉಪಕರಣಗಳ ಚಿತ್ರ ಬಿಡಿಸಿದಳು. 1789ರಲ್ಲಿ ಬಂದ ಲವಾಸಿಯೆಯ ರಸಾಯನಶಾಸ್ತ್ರದ ಪುಸ್ತಕದಲ್ಲಿರುವ ಚಿತ್ರಗಳು ಆಕೆಯವೇ. ಅದೇ ಪುಸ್ತಕದಲ್ಲಿ 33 ಮೂಲವಸ್ತುಗಳ ಪಟ್ಟಿ ಇದೆ. ಅದರಲ್ಲಿ ಇಂಗಾಲವೂ ಇದೆ, ತಪ್ಪಾಗಿ ಸೇರಿದ ಬೆಳಕು ಮತ್ತು ಶಾಖವೂ ಇವೆ.

ಸಾವು ಬಂದದ್ದು ಯಾಕೆ?

ವಿಜ್ಞಾನಿ ಎಂಬ ಕಾರಣಕ್ಕೆ ಆತನನ್ನು ಕೊಂದರು ಎಂದು ಕೆಲವು ಫಾರ್ವರ್ಡ್‌ಗಳು ಹೇಳುತ್ತವೆ. ಇದು ತಪ್ಪು. ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಖಾಸಗಿ ಗುತ್ತಿಗೆ ಕೂಟದಲ್ಲಿ ಆತ 1768ರಿಂದ ಪಾಲುದಾರ. ಪ್ರಯೋಗಶಾಲೆಯ ದುಬಾರಿ ಉಪಕರಣಗಳಿಗೆ ಹಣ ಬಂದದ್ದು ಆ ವರಮಾನದಿಂದ. ಜನರಿಗೆ ಈ ಕೂಟವನ್ನು ಕಂಡರೆ ಆಗುತ್ತಿರಲಿಲ್ಲ. ಸುಂಕ ತಪ್ಪಿಸಿ ಸರಕು ಸಾಗಿಸುವುದನ್ನು ತಡೆಯಲು ಪ್ಯಾರಿಸ್ ಸುತ್ತ ಗೋಡೆ ಕಟ್ಟಬೇಕು ಎಂಬ ಸಲಹೆ ಕೊಟ್ಟವನೂ ಲವಾಸಿಯೆ. ಅದಂತೂ ಊರಿನ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

ಕ್ರಾಂತಿಯ ಸರ್ಕಾರ 1793ರ ನವೆಂಬರ್‌ನಲ್ಲಿ ಕೂಟದವರನ್ನು ಬಂಧಿಸಿತು. ಹೊಗೆಸೊಪ್ಪಿಗೆ ಹೆಚ್ಚು ನೀರು ಬೆರೆಸಿ ಮಾರಿದರು ಎಂಬುದೂ ಆರೋಪಗಳಲ್ಲಿ ಒಂದು. 1794ರ ಮೇ 8ರಂದು ವಿಚಾರಣೆ ಮುಗಿದು ಅದೇ ದಿನ 28 ಜನರ ತಲೆ ಕಡಿಯಲಾಯಿತು. ಅವರಲ್ಲಿ ಲವಾಸಿಯೆಯ ಮಾವನೂ ಇದ್ದ. ಲವಾಸಿಯೆಗೆ 50 ವರ್ಷ. ಒಬ್ಬರಾದ ಮೇಲೆ ಒಬ್ಬರಂತೆ 28 ಜನರನ್ನು ಮುಗಿಸುವ ಆ ಅವಸರದಲ್ಲಿ ಕಣ್ಣು ಮಿಟುಕುವುದನ್ನು ಎಣಿಸುತ್ತ ನಿಲ್ಲಲು ಯಾರಿಗೆ ಅವಕಾಶ ಇದ್ದೀತು? ದೇಶಕ್ಕೆ ವಿಜ್ಞಾನಿಗಳು ಬೇಕಿಲ್ಲ ಎಂದು ನ್ಯಾಯಾಧೀಶ ಹೇಳಿದನೆಂಬ ಮಾತಿಗೂ ಗಟ್ಟಿ ಆಧಾರ ಇಲ್ಲ. ಹಳೆಯ ಹಗೆ ಇಟ್ಟುಕೊಂಡಿದ್ದ ಮರಾ ಎಂಬ ನಾಯಕ ಕೊಲ್ಲಿಸಿದ ಎನ್ನುವವರೂ ಇದ್ದಾರೆ. ಮರಾ ಪತ್ರಿಕೆಯಲ್ಲಿ ಲವಾಸಿಯೆಯನ್ನು ಕಟುವಾಗಿ ಬೈದದ್ದು ನಿಜ. ಆದರೆ ಬಂಧನಕ್ಕೆ ನಾಲ್ಕು ತಿಂಗಳ ಮೊದಲೇ, 1793ರ ಜುಲೈನಲ್ಲಿ, ಮರಾ ಕೊಲೆಯಾಗಿದ್ದ.

ಒಂದೇ ದಿನ ಗಂಡನನ್ನೂ ತಂದೆಯನ್ನೂ ಕಳೆದುಕೊಂಡ ಮರಿ-ಆನ್, ಮುಟ್ಟುಗೋಲಾಗಿದ್ದ ವಸ್ತುಗಳನ್ನು ಮುಂದೆ ಮರಳಿ ಪಡೆದಳು. ಗಂಡನ ಕೊನೆಯ ಬರಹಗಳನ್ನು ಅಚ್ಚು ಹಾಕಿಸಿದಳು. ಆಕೆ 1836ರವರೆಗೆ ಬದುಕಿದ್ದಳು.

ನಕ್ಷೆಯಿಂದ ಡೇಟಾಬೇಸ್‌ಗೆ

ಈಗ ಆ ಹಳೆಯ ಅಭ್ಯಾಸಕ್ಕೆ ಬರೋಣ. ಯಾವ ಖನಿಜ, ಯಾವ ಜಾಗ ಎಂದು ಬರೆದಿಡುವ ಕೆಲಸ ಇಂದು ಕಂಪ್ಯೂಟರ್‌ನಲ್ಲಿ ನಡೆಯುತ್ತದೆ. ಅಮೆರಿಕದ ರಾಬರ್ಟ್ ಹೇಜನ್ ಮತ್ತು ಸಂಗಡಿಗರು 2015ರ ಆರಂಭದವರೆಗೆ ಸೇರಿದ್ದ ಇಂಥ 82,922 ದಾಖಲೆಗಳನ್ನು ತೆಗೆದುಕೊಂಡರು. ಎಲ್ಲವೂ ಇಂಗಾಲ ಇರುವ ಖನಿಜಗಳವು. ಆಗ ಗೊತ್ತಿದ್ದ ಅಂಥ ಖನಿಜಗಳು 403. ಸುಣ್ಣಕಲ್ಲಿನಲ್ಲಿರುವ ಕ್ಯಾಲ್ಸೈಟ್ ಸಾವಿರಾರು ಕಡೆ ಸಿಗುತ್ತದೆ. ಆದರೆ ಬಹಳಷ್ಟು ಖನಿಜಗಳು ಇಡೀ ಭೂಮಿಯಲ್ಲಿ ಒಂದೆರಡು ಜಾಗದಲ್ಲಿ ಮಾತ್ರ ಸಿಕ್ಕಿವೆ.

ಇಲ್ಲೇ ಗಣಿತ ನೆರವಿಗೆ ಬರುತ್ತದೆ. ಒಬ್ಬರ ಪುಸ್ತಕದಲ್ಲಿ ಒಂದೇ ಸಲ ಬಂದ ಪದಗಳು ತುಂಬ ಇದ್ದರೆ, ಪುಸ್ತಕದಲ್ಲಿ ಬಾರದ ಪದಗಳೂ ಅವರಿಗೆ ಬೇಕಾದಷ್ಟು ಗೊತ್ತು ಎಂದು ಊಹಿಸಬಹುದು. ಖನಿಜಕ್ಕೂ ಅದೇ ಲೆಕ್ಕ. ಹಾಗೆ ಲೆಕ್ಕ ಹಾಕಿದಾಗ ಭೂಮಿಯಲ್ಲಿ ಕನಿಷ್ಠ 548 ಇಂಗಾಲ ಖನಿಜಗಳು ಇರಬೇಕು, ಅಂದರೆ 145 ಇನ್ನೂ ಸಿಕ್ಕಿಲ್ಲ ಎಂದು ತಿಳಿಯಿತು. ಅವನ್ನು ಹುಡುಕಲು ಜಗತ್ತಿನ ಸಂಗ್ರಾಹಕರಿಗೆಲ್ಲ ಸವಾಲು ಹಾಕಲಾಯಿತು. 2019ರ ಹೊತ್ತಿಗೆ 31 ಸಿಕ್ಕವು. ಅವುಗಳಲ್ಲಿ ಒಂದು ರಷ್ಯಾದ ಟಿನ್ನುಂಕುಲೈಟ್. ಉರಿಯುತ್ತಿದ್ದ ಕಲ್ಲಿದ್ದಲ ಗಣಿಯ ಬಿಸಿ ಅನಿಲ ಒಂದು ಜಾತಿಯ ಸಣ್ಣ ಗಿಡುಗದ ಹಿಕ್ಕೆಗೆ ತಾಗಿ ಅದು ಹುಟ್ಟಿತ್ತು.

ನೆನಪಿಡಬೇಕಾದ್ದು

ವಜ್ರ ಸುಡುವುದಿಲ್ಲ: ಸುಳ್ಳು. ಗಾಳಿಯಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಉರಿಯತೊಡಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ವಜ್ರದ ಮೇಲ್ಮೈ ಮಂಕಾಗುವುದೂ ಉಂಟು.

ವಜ್ರ ನೆಕ್ಕಿದರೆ ಸಾವು: ಸುಳ್ಳು. ಅದು ಬರೀ ಇಂಗಾಲ, ವಿಷವಲ್ಲ.

ಕಲ್ಲಿದ್ದಲೇ ಒತ್ತಡದಿಂದ ವಜ್ರವಾಗುತ್ತದೆ: ತಪ್ಪು. ಕಲ್ಲಿದ್ದಲು ಗಿಡಮರಗಳಿಂದ ಆದದ್ದು. ಹೆಚ್ಚಿನ ವಜ್ರಗಳು ನೆಲದ ಮೇಲೆ ಗಿಡ ಹುಟ್ಟುವ ಎಷ್ಟೋ ಮೊದಲು, ನೂರೈವತ್ತು ಕಿಲೋಮೀಟರ್ ಆಸುಪಾಸಿನ ಆಳದಲ್ಲಿ ಆದವು.

ಲವಾಸಿಯೆ ಕಣ್ಣು ಮಿಟುಕಿಸಿದ: ದಾಖಲೆ ಇಲ್ಲ.

ಇಂಥ ಕತೆ ಮತ್ತೆ ಬಂದರೆ ಎಲ್ಲಿ ನಡೆಯಿತು, ಯಾವಾಗ ನಡೆಯಿತು, ನೋಡಿದವರು ಯಾರು ಎಂದು ಕೇಳಿ. ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಬೇಕಿದ್ದರೆ ಈ ಲೇಖನ ಕಳಿಸಿ.