ವಿದ್ಯೆಯ ನೀರುಗಂಟಿ

ಬಯಲುಸೀಮೆಯ ಊರುಗಳಿಗೆ ಕೆರೆಯೇ ಜೀವನಾಧಾರ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ಲಿನ ಕಡೆಯಾಗಲಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯಾಗಲಿ ವರ್ಷವಿಡೀ ತುಂಬಿ ಹರಿಯುವ ಹೊಳೆಯಿಲ್ಲ. ಮಳೆಯ ನೀರನ್ನು ಕಟ್ಟೆ ಹಾಕಿ ನಿಲ್ಲಿಸಿಕೊಂಡೇ ಹಿಂದಿನವರು ಬೇಸಾಯ ಮಾಡಿದರು. ಆದರೆ ನೀರು ಕೆರೆಯಲ್ಲಿ ನಿಂತ ಮಾತ್ರಕ್ಕೆ ಪೈರು ಬೆಳೆಯುವುದಿಲ್ಲ. ತೂಬನ್ನು ತೆರೆದು, ಕಾಲುವೆಯಲ್ಲಿ ಹರಿಸಿ, ಕಟ್ಟಕಡೆಯ ಗದ್ದೆಗೂ ಅದನ್ನು ಮುಟ್ಟಿಸುವ ನೀರುಗಂಟಿ ಒಬ್ಬನಿರಬೇಕು. ವಿದ್ಯೆಯ ಸಂಗತಿಯೂ ಹೀಗೆಯೇ. ಕಾಲೇಜುಗಳಲ್ಲಿ ಶೇಖರವಾದ ಜ್ಞಾನ ಅಲ್ಲಿಯೇ ನಿಂತರೆ ಪರೀಕ್ಷೆಯ ಉತ್ತರಪತ್ರಿಕೆಯೊಡನೆ ಅದರ ಆಯುಸ್ಸು ತೀರುತ್ತದೆ. ಅದನ್ನು ನಾಡಿನ ಜನರ ಭಾಷೆಯಲ್ಲಿ ಹರಿಯಬಿಡುವ ಕೆಲಸಕ್ಕಾಗಿ ಬಾಳನ್ನೇ ಸವೆಸಿದ ಅಧ್ಯಾಪಕರೊಬ್ಬರು ಕನ್ನಡ ನಾಡಿನಲ್ಲಿ ಆಗಿಹೋದರು. ಅವರೇ ಎ. ಆರ್. ಕೃಷ್ಣಶಾಸ್ತ್ರಿಗಳು.

ಕೃಷ್ಣಶಾಸ್ತ್ರಿಗಳು 1890ರಲ್ಲಿ ಜನಿಸಿದರು. ಚಿಕ್ಕಮಗಳೂರು ಜಿಲ್ಲೆಯ ಅಂಬಳೆ ಅವರ ಪೂರ್ವಿಕರ ಊರು, ತಂದೆ ರಾಮಕೃಷ್ಣಶಾಸ್ತ್ರಿಗಳು. ಅವರ ಹೆಸರಿನ ಮೊದಲ ಎರಡು ಅಕ್ಷರಗಳು ಈ ಊರನ್ನೂ ತಂದೆಯನ್ನೂ ಸೂಚಿಸುತ್ತವೆ. ಮನೆಯಲ್ಲಿ ಸಂಸ್ಕೃತ ವಿದ್ವತ್ತಿನ ವಾತಾವರಣವಿತ್ತು. ಹೀಗಾಗಿ ಎಳೆಯ ವಯಸ್ಸಿನಲ್ಲಿಯೇ ಹಳೆಯ ಪಾಂಡಿತ್ಯದ ಶಿಸ್ತು ಅವರಿಗೆ ಮೈಗೂಡಿತು. ಮೈಸೂರಿನಲ್ಲಿ ಕಾಲೇಜು ಶಿಕ್ಷಣ ಪಡೆದು ಆಧುನಿಕ ವಿದ್ಯೆಯ ರೀತಿಯನ್ನೂ ಅವರು ಅರಿತರು. ಹಳೆಯದರಲ್ಲಿ ಶ್ರದ್ಧೆ, ಹೊಸದರಲ್ಲಿ ಆಸಕ್ತಿ, ಇವೆರಡೂ ಅವರಲ್ಲಿ ಒಂದಕ್ಕೊಂದು ಅಡ್ಡಿಯಾಗದೆ ಬೆಳೆದವು.

ವ್ಯಾಸಂಗ ಮುಗಿಸಿದ ಶಾಸ್ತ್ರಿಗಳು ಕೆಲಕಾಲದಲ್ಲಿಯೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಅದು ಸರ್ಕಾರದ ಕಾಲೇಜು. 1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾದ ಆ ಸಂಸ್ಥೆ 1875ರಲ್ಲಿ ಸೆಂಟ್ರಲ್ ಕಾಲೇಜು ಎಂಬ ಹೆಸರನ್ನು ಪಡೆಯಿತು. ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಿಂದ ಹೋದ ಬಡ ವಿದ್ಯಾರ್ಥಿ ವಿಶ್ವೇಶ್ವರಯ್ಯನವರು ಬಿ.ಎ. ಪದವಿಗಾಗಿ ಓದಿದ್ದು ಅಲ್ಲಿಯೇ. ಅವರು ಮೈಸೂರು ಸಂಸ್ಥಾನದ ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಆಗ ಮೈಸೂರಿನ ಮಹಾರಾಜ ಕಾಲೇಜು ಮುಖ್ಯವಾಗಿ ಕಲಾವಿಷಯಗಳಿಗೂ, ಬೆಂಗಳೂರಿನ ಸೆಂಟ್ರಲ್ ಕಾಲೇಜು ಮುಖ್ಯವಾಗಿ ವಿಜ್ಞಾನ ವಿಷಯಗಳಿಗೂ ಮೀಸಲಾದವು.

ಅಂದಿನ ಕಾಲೇಜಿನ ಸ್ಥಿತಿಯನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳುವುದು ಕಷ್ಟ. ಪಾಠಪ್ರವಚನವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಓದಿದವರು ಪರಸ್ಪರ ಮಾತನಾಡುವಾಗಲೂ ಇಂಗ್ಲಿಷನ್ನೇ ಬಳಸುತ್ತಿದ್ದರು. ಕನ್ನಡವು ಮನೆಗೂ ಸಂತೆಗೂ ಸಾಕು, ಶಾಸ್ತ್ರಕ್ಕೆ ಸಾಲದು ಎಂಬ ಭಾವನೆ ವಿದ್ಯಾವಂತರಲ್ಲಿ ಬಲವಾಗಿ ಬೇರೂರಿತ್ತು. ಇದರಿಂದ ಎರಡು ಬಗೆಯ ನಷ್ಟ ಒದಗಿತು. ಓದಿದವರ ತಿಳಿವಳಿಕೆ ಓದದವರಿಗೆ ತಲುಪಲಿಲ್ಲ. ಓದುವವರಾದರೋ, ತಾವು ಕಲಿತದ್ದನ್ನು ಸ್ವಂತ ಮಾತಿನಲ್ಲಿ ಹೇಳಲಾರದೆ, ಕಂಠಪಾಠದಲ್ಲಿಯೇ ತೃಪ್ತರಾದರು. ಒಂದು ವಿಷಯವನ್ನು ತಾಯ್ನುಡಿಯಲ್ಲಿ ವಿವರಿಸಹೊರಟಾಗಲೇ ಅದು ನಮಗೆ ಎಷ್ಟು ಅರ್ಥವಾಗಿದೆ, ಎಷ್ಟು ಅರ್ಥವಾಗಿಲ್ಲ ಎಂಬುದು ಹೊರಬೀಳುತ್ತದೆ. ಆ ಪರೀಕ್ಷೆಗೆ ಅಂದಿನ ವಿದ್ಯಾರ್ಥಿಗಳು ಒಳಗಾಗಿರಲಿಲ್ಲ.

ಈ ಕೊರತೆಯನ್ನು ಶಾಸ್ತ್ರಿಗಳು ಕಂಡುಕೊಂಡರು. ಕಂಡು ಸುಮ್ಮನೆ ಮರುಗುತ್ತ ಕೂಡಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಕರ್ನಾಟಕ ಸಂಘವನ್ನು ಕಟ್ಟಿ ಬೆಳೆಸಿದರು. ಸಂಘದ ಆಶ್ರಯದಲ್ಲಿ, 1918-19ರ ಸುಮಾರಿಗೆ, ‘ಪ್ರಬುದ್ಧ ಕರ್ನಾಟಕ’ ಎಂಬ ತ್ರೈಮಾಸಿಕ ಪತ್ರಿಕೆ ಹೊರಬರತೊಡಗಿತು. ಪ್ರಬುದ್ಧ ಎಂಬ ಮಾತಿಗೆ ಎಚ್ಚೆತ್ತ ಎಂಬ ಅರ್ಥವೂ ಉಂಟು, ಅರಿವು ಬಲಿತ ಎಂಬ ಅರ್ಥವೂ ಉಂಟು. ನಿದ್ರೆಯಿಂದ ಏಳುವುದು ಮೊದಲ ಹೆಜ್ಜೆ. ಎದ್ದ ಮೇಲೆ ತಿಳಿವಳಿಕೆಯಲ್ಲಿ ಬೆಳೆಯುವುದು ಎರಡನೆಯ ಹೆಜ್ಜೆ. ಪತ್ರಿಕೆಯ ಗುರಿ ಇವೆರಡೂ ಆಗಿತ್ತೆಂಬುದನ್ನು ಹೆಸರೇ ಸಾರುತ್ತದೆ.

ಕಾಲೇಜಿನ ಪತ್ರಿಕೆಯೆಂದರೆ ವಾರ್ಷಿಕೋತ್ಸವದ ವರದಿ, ಆಟೋಟಗಳ ಸುದ್ದಿ, ಒಂದೆರಡು ಹಾಸ್ಯಲೇಖನ ಎಂದು ತಿಳಿಯುವುದು ವಾಡಿಕೆ. ಶಾಸ್ತ್ರಿಗಳು ಸಂಪಾದಿಸಿದ ಪತ್ರಿಕೆ ಆ ಬಗೆಯದಲ್ಲ. ಕಾವ್ಯ, ವಿಮರ್ಶೆ, ಇತಿಹಾಸ, ವಿಜ್ಞಾನ ಎಲ್ಲಕ್ಕೂ ಅದರಲ್ಲಿ ಸ್ಥಳವಿತ್ತು. ನುರಿತ ವಿದ್ವಾಂಸರ ಬರಹದ ಜೊತೆಯಲ್ಲಿ ಆಗ ತಾನೇ ಲೇಖನಿ ಹಿಡಿದ ತರುಣರ ಬರಹಕ್ಕೂ ಎಡೆ ದೊರೆಯಿತು. ಆದರೆ ತರುಣನೆಂಬ ಕಾರಣಕ್ಕೆ ರಿಯಾಯಿತಿ ತೋರಿದರೆ ಅದು ಉಪಕಾರವಲ್ಲ, ಅಪಕಾರ. ಹೇಳುವ ಮಾತಿಗೆ ಆಧಾರವಿರಬೇಕು. ಆಧಾರವಿಲ್ಲದ ಕಡೆ ಊಹೆಯನ್ನು ಊಹೆಯೆಂದೇ ಹೇಳಬೇಕು. ಬೇರೆಯವರಿಂದ ಪಡೆದದ್ದನ್ನು ಅವರದೆಂದು ಒಪ್ಪಿಕೊಳ್ಳಬೇಕು. ಬರೆದದ್ದು ಓದುವವನಿಗೆ ತಿಳಿಯುವಂತಿರಬೇಕು. ವಿದ್ವತ್ತಿನ ಈ ನಾಲ್ಕು ನಿಯಮಗಳು ಪ್ರಾಧ್ಯಾಪಕನಿಗೆ ಒಂದು, ವಿದ್ಯಾರ್ಥಿಗೆ ಮತ್ತೊಂದು ಎಂಬಂತಿಲ್ಲ.

ಸೆಂಟ್ರಲ್ ಕಾಲೇಜಿನಲ್ಲಿ ಶಾಸ್ತ್ರಿಗಳು ಒಂಟಿಯಾಗಿರಲಿಲ್ಲ. ಅದೇ ಕಾಲೇಜಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತವಿಜ್ಞಾನವನ್ನು ಬೋಧಿಸುತ್ತಿದ್ದರು. ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿದರು. ಆ ಪತ್ರಿಕೆ ಬಹುಕಾಲ ಬಾಳಲಿಲ್ಲವಾದರೂ ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬಹುದೆಂಬುದನ್ನು ಸಾಧಿಸಿ ತೋರಿಸಿತು. ಇದೇ ಭೌತವಿಜ್ಞಾನಿ ಪಂಪಭಾರತವನ್ನೂ ಸಂಪಾದಿಸಿದರೆಂಬುದು ಗಮನಿಸತಕ್ಕ ಸಂಗತಿ. ಪ್ರಯೋಗಶಾಲೆಯಲ್ಲಿ ಅಳತೆಯ ತಪ್ಪನ್ನು ಹುಡುಕುವ ಕಣ್ಣು ಓಲೆಯ ಪ್ರತಿಯಲ್ಲಿ ಲಿಪಿಕಾರನ ತಪ್ಪನ್ನೂ ಹುಡುಕಬಲ್ಲದು. ಮುಂದೆ ಅದೇ ಕಾಲೇಜಿಗೆ ಬಂದ ವಿ. ಸೀತಾರಾಮಯ್ಯನವರು ಅರ್ಥಶಾಸ್ತ್ರವನ್ನು ಓದಿದವರು; ಬೋಧಿಸಿದ್ದು ಕನ್ನಡವನ್ನು. ಕವಿಗಳೂ ವಿಮರ್ಶಕರೂ ಆದ ಅವರು ‘ಹಣ ಪ್ರಪಂಚ’ ಎಂಬ ಗ್ರಂಥವನ್ನು ರಚಿಸಿ ಹಣಕಾಸಿನ ಶಾಸ್ತ್ರವನ್ನು ಕನ್ನಡಿಗರಿಗೆ ಪರಿಚಯಿಸಿದರು. ಶಾಸ್ತ್ರಗಳ ನಡುವೆ ನಾವು ಎಬ್ಬಿಸಿಕೊಂಡ ಗೋಡೆಗಳನ್ನು ಆ ಹಿರಿಯರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪತ್ರಿಕೆಯನ್ನು ಆರಂಭಿಸುವುದು ಸುಲಭ, ನಡೆಸುವುದು ಕಷ್ಟ. ಲೇಖನಗಳನ್ನು ಬೇಡಿ ತರಬೇಕು, ತಿದ್ದಬೇಕು, ಕರಡಚ್ಚನ್ನು ನೋಡಬೇಕು, ಚಂದಾದಾರರನ್ನು ಹುಡುಕಬೇಕು, ಮುದ್ರಣಾಲಯದ ಬಿಲ್ಲು ತೀರಿಸಬೇಕು. ಶಾಸ್ತ್ರಿಗಳು ಬೋಧನೆಯ ಕರ್ತವ್ಯದ ಜೊತೆಗೆ ಸಂಪಾದಕತ್ವದ ಹೊರೆಯನ್ನು ಅನೇಕ ವರ್ಷಗಳ ಕಾಲ ಹೊತ್ತರು. ಆ ಹೊತ್ತನ್ನೆಲ್ಲ ಸ್ವಂತ ಗ್ರಂಥಗಳ ರಚನೆಗೆ ವಿನಿಯೋಗಿಸಿದ್ದರೆ ಅವರ ಹೆಸರಿನಲ್ಲಿ ಇನ್ನೂ ಹಲವು ಪುಸ್ತಕಗಳು ಇರುತ್ತಿದ್ದವು. ಇತರರ ಬರಹಕ್ಕೆ ದಾರಿ ಮಾಡಿಕೊಡಲು ತಮ್ಮ ಬರಹವನ್ನು ಹಿಂದಕ್ಕೆ ಸರಿಸುವುದು ಸಣ್ಣ ತ್ಯಾಗವಲ್ಲ. ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ‘ಪ್ರಬುದ್ಧ ಕರ್ನಾಟಕ’ದ ಹೊಣೆಯನ್ನು ವಹಿಸಿಕೊಂಡಿತು. ಒಂದು ಕಾಲೇಜಿನ ಸಂಘದಲ್ಲಿ ಮೊಳೆತ ಸಸಿ ವಿಶ್ವವಿದ್ಯಾನಿಲಯದ ವಿದ್ವತ್ಪತ್ರಿಕೆಯಾಗಿ ಬೆಳೆದು ನಿಂತಿತು.

ತಳುಕಿನ ವೆಂಕಣ್ಣಯ್ಯನವರು ಶಾಸ್ತ್ರಿಗಳ ಆಪ್ತಮಿತ್ರರು. ಕನ್ನಡದ ಪುನರುಜ್ಜೀವನದಲ್ಲಿ ಈ ಇಬ್ಬರ ಸೇವೆಯನ್ನು ಕಂಡ ಜನ ಅವರನ್ನು ಅಶ್ವಿನೀದೇವತೆಗಳಿಗೆ ಹೋಲಿಸಿದರು. ರಾಘವಾಂಕನ ಹರಿಶ್ಚಂದ್ರಕಾವ್ಯದ ಸಂಗ್ರಹವನ್ನು ಇಬ್ಬರೂ ಕೂಡಿ ಸಿದ್ಧಪಡಿಸಿದರು. 1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದಾಗ ವೆಂಕಣ್ಣಯ್ಯನವರು ಅದರ ಹೊಣೆ ಹೊತ್ತರು. 1939ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡರು. ಮಿತ್ರನ ಅಗಲಿಕೆಯ ನೋವನ್ನು ನುಂಗಿಕೊಂಡು ಶಾಸ್ತ್ರಿಗಳು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿ ಕೆಲಸವನ್ನು ಮುಂದುವರಿಸಿದರು. 1941ರಲ್ಲಿ ಹೈದರಾಬಾದಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಅವರನ್ನು ಅರಸಿಕೊಂಡು ಬಂತು.

ಶಾಸ್ತ್ರಿಗಳ ಗ್ರಂಥಗಳು ಅವರ ಜೀವನಧ್ಯೇಯಕ್ಕೆ ಕನ್ನಡಿ ಹಿಡಿಯುತ್ತವೆ. ‘ಭಾಸಕವಿ’, ‘ಸಂಸ್ಕೃತ ನಾಟಕ’ ಇವು ಆಳವಾದ ವ್ಯಾಸಂಗದ ಫಲ. ‘ಕಥಾಮೃತ’ದಲ್ಲಿ ಕಥಾಸರಿತ್ಸಾಗರದ ಕಥೆಗಳು ತಿಳಿಗನ್ನಡದಲ್ಲಿ ಮೂಡಿವೆ. ಹದಿನೆಂಟು ಪರ್ವಗಳ ಮಹಾಭಾರತವನ್ನು ಸರಳವಾದ ಗದ್ಯದಲ್ಲಿ ಅಡಕಮಾಡಿ ಅವರು ರಚಿಸಿದ ‘ವಚನ ಭಾರತ’ 1950ರಲ್ಲಿ ಪ್ರಕಟವಾಯಿತು. ಸಂಸ್ಕೃತವನ್ನು ಅರಿಯದ ಗೃಹಿಣಿಯೂ, ಶಾಲೆಯ ಬಾಲಕನೂ ಅದನ್ನು ಓದಿ ಆನಂದಿಸಿದರು. ಪಂಡಿತನೊಬ್ಬ ತನ್ನ ಪಾಂಡಿತ್ಯವನ್ನು ಮರೆಮಾಡಿ ಬರೆದಾಗ ಮಾತ್ರ ಇಂಥ ಗದ್ಯ ಹುಟ್ಟುತ್ತದೆ. ಬಂಗಾಳಿಯನ್ನು ಕಲಿತು ಆ ಸಾಹಿತ್ಯವನ್ನು ಮೂಲದಲ್ಲಿಯೇ ಓದಿದ ಅವರು ಕಾದಂಬರಿಕಾರ ಬಂಕಿಮಚಂದ್ರರನ್ನು ಕುರಿತು ವಿಸ್ತಾರವಾದ ವಿಮರ್ಶಾಗ್ರಂಥವನ್ನು ಬರೆದರು. ಆಗ ಅವರಿಗೆ ಎಪ್ಪತ್ತರ ಆಸುಪಾಸಿನ ವಯಸ್ಸು. ಆ ಗ್ರಂಥಕ್ಕೆ 1961ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಇತರರಿಗೆ ಕಲಿಸುವವನು ತಾನು ಕಲಿಯುವುದನ್ನು ನಿಲ್ಲಿಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. 1968ರಲ್ಲಿ ಶಾಸ್ತ್ರಿಗಳು ದೈವಾಧೀನರಾದರು.

ಇಂದು ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳೇ ಸಂಶೋಧನೆ ನಡೆಸಿ ಪ್ರಬಂಧ ಮಂಡಿಸಬೇಕೆಂಬ ಆಲೋಚನೆ ಬೆಳೆದಿದೆ. ನೂರು ವರ್ಷಗಳ ಹಿಂದೆ ನಮ್ಮ ನಾಡಿನ ಸರ್ಕಾರಿ ಕಾಲೇಜಿನಲ್ಲಿ, ಒಂದು ಸಂಘದಲ್ಲಿ, ಈ ಆಲೋಚನೆ ಬೀಜರೂಪದಲ್ಲಿ ಇತ್ತೆಂಬುದನ್ನು ನಾವು ಮರೆಯಬಾರದು.

ಸಂಶೋಧನೆಯೆಂದರೆ ದೊಡ್ಡ ನಗರಗಳಲ್ಲಿ ದೊಡ್ಡವರು ಮಾಡುವ ಕೆಲಸವೆಂದು ತಿಳಿಯಬೇಕಾಗಿಲ್ಲ. ಬಿ. ಎಲ್. ರೈಸರು ಸಂಗ್ರಹಿಸಿದ ಶಾಸನ ಸಂಪುಟಗಳಲ್ಲಿ ಹತ್ತನೆಯದು ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದು, 1905ರಲ್ಲಿ ಪ್ರಕಟವಾಯಿತು. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಚಿಕ್ಕಬಳ್ಳಾಪುರದ ಸೀಮೆಯ ಕಲ್ಬರಹಗಳೂ ಅದರಲ್ಲಿ ಸೇರಿವೆ. ಈ ಸೀಮೆಯ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಕಲಿಯುವುದು ಕನ್ನಡ. ಎರಡು ನುಡಿಗಳು ಒಂದೇ ಅಂಗಳದಲ್ಲಿ ಹೇಗೆ ಬೆರೆಯುತ್ತವೆ, ಕೆರೆಯ ಏರಿಯ ಮೇಲಿನ ಕಲ್ಲಿನಲ್ಲಿ ಏನು ಬರೆದಿದೆ, ಹಿಂದೆ ತೂಬಿನ ನೀರನ್ನು ಹೇಗೆ ಹಂಚುತ್ತಿದ್ದರು ಎಂದು ಮಂಡಿಕಲ್ಲಿನ ವಿದ್ಯಾರ್ಥಿಯೊಬ್ಬ ಹಿರಿಯರನ್ನು ಕೇಳಿ, ತಾನೇ ಕಂಡು, ಸರಿತಪ್ಪುಗಳನ್ನು ತೂಗಿ, ನಾಲ್ಕು ಪುಟ ಬರೆದರೆ ಅದೂ ವಿದ್ವತ್ತೇ. ಅವನು ಮುಂದೆ ವಿಜ್ಞಾನವನ್ನೇ ಓದಲಿ, ವಾಣಿಜ್ಯವನ್ನೇ ಓದಲಿ, ಆ ನಾಲ್ಕು ಪುಟಗಳಲ್ಲಿ ಕಲಿತ ಶಿಸ್ತು ಅವನ ಕೈಬಿಡುವುದಿಲ್ಲ.

ತಾನು ತೂಬು ತೆರೆದ ನೀರಿನಿಂದ ಯಾರ ಗದ್ದೆ ಹಸಿರಾಯಿತೆಂದು ನೀರುಗಂಟಿ ಲೆಕ್ಕ ಇಡುವುದಿಲ್ಲ. ಶಾಸ್ತ್ರಿಗಳೂ ಇಡಲಿಲ್ಲ. ಕನ್ನಡದಲ್ಲಿ ಶಾಸ್ತ್ರವನ್ನು ಓದುವ, ಬರೆಯುವ ಪ್ರತಿಯೊಬ್ಬ ವಿದ್ಯಾರ್ಥಿಯ ಗದ್ದೆಗೂ ಅವರು ಹರಿಸಿದ ನೀರು ಒಂದಿಷ್ಟು ಸೇರಿದೆ. ಅದನ್ನು ಮುಂದಿನ ಗದ್ದೆಗೆ ಹಾಯಿಸುವುದು ನಮ್ಮ ಪಾಲಿನ ಕರ್ತವ್ಯ.