ಒಂದು ಕೊಳಗ, ಒಂದು ವೋಟು, ಒಂದು ರೂಪಾಯಿ

ಬೆಂಗಳೂರಲ್ಲಿ ವಿಧಾನಸೌಧದ ಪಕ್ಕದಲ್ಲೇ ಗೋಪಾಲಗೌಡ ಸರ್ಕಲ್ ಅಂತ ಇದೆ. ನಾನು ಎಷ್ಟೋ ಸಲ ಆ ಸಿಗ್ನಲ್‌ನಲ್ಲಿ ಬಸ್ಸಿನೊಳಗೆ ಕೂತು ಕಾದಿದ್ದೀನಿ. ಗೋಪಾಲಗೌಡ ಅಂದ್ರೆ ಯಾರೋ ಹಳೇ ಮಂತ್ರಿ ಇರಬೇಕು ಅಂತಲೇ ಅಂದುಕೊಂಡಿದ್ದೆ. ಅವರು ಒಂದು ದಿನವೂ ಮಂತ್ರಿ ಆಗಿರಲಿಲ್ಲ ಅಂತ ಗೊತ್ತಾಗಿದ್ದು ಈಚೆಗೆ. ಪೂರ್ತಿ ಜೀವನ ವಿರೋಧ ಪಕ್ಷದಲ್ಲೇ ಇದ್ದ ಮನುಷ್ಯನ ಹೆಸರು ಸರ್ಕಾರದ ಬಾಗಿಲ ಮುಂದೆ ಯಾಕಿದೆ ಅನ್ನೋ ಕುತೂಹಲಕ್ಕೆ ಓದೋಕೆ ಶುರು ಮಾಡಿದೆ.

ಶಾಂತವೇರಿ ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಮನೆಯಲ್ಲಿ ಹಣ ಇರಲಿಲ್ಲ, ಹೆಸರಿರೋ ಮನೆತನವೂ ಅಲ್ಲ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಮಲೆನಾಡಿಗೂ ಬಂದಾಗ ವಿದ್ಯಾರ್ಥಿಯಾಗಿದ್ದ ಅವರು ಅದರಲ್ಲಿ ಸೇರಿಕೊಂಡು ಜೈಲಿಗೆ ಹೋದರು. ಆಗ ಅವರಿಗೆ ಹತ್ತೊಂಬತ್ತು. ನನಗೂ ಈಗ ಹತ್ತೊಂಬತ್ತೇ, ಹಾಗಾಗಿ ಈ ಸಾಲು ಓದಿದಾಗ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ನನ್ನ ಹತ್ತಿರ ವೋಟರ್ ಐಡಿ ಆದರೂ ಇದೆ. ಅವರ ಕಾಲದಲ್ಲಿ, ಸ್ವಾತಂತ್ರ್ಯ ಬಂದ ಮೇಲೂ, ಮತ ಹಾಕೋಕೆ ಇಪ್ಪತ್ತೊಂದು ಆಗಬೇಕಿತ್ತು.

ಸಮಾಜವಾದಿಗಳು 1948ರಲ್ಲಿ ಕಾಂಗ್ರೆಸ್ ಬಿಟ್ಟು ತಮ್ಮದೇ ಪಕ್ಷ ಮಾಡಿಕೊಂಡರು. ಸ್ವಾತಂತ್ರ್ಯ ತಂದ ಪಕ್ಷ, ಅಧಿಕಾರದಲ್ಲಿರೋ ಪಕ್ಷ ಕಾಂಗ್ರೆಸ್. ಅಂಥ ಹೊತ್ತಲ್ಲಿ ಅದರ ಎದುರು ಇನ್ನೊಂದು ಪಕ್ಷದ ಕೆಲಸ ಮಾಡೋದು ಅಂದ್ರೆ ಲಾಭದ ಲೆಕ್ಕ ಹಾಕೋರು ಮಾಡೋ ಕೆಲಸವಲ್ಲ. ಗೌಡರು ಶಿವಮೊಗ್ಗ ಜಿಲ್ಲೆಯಲ್ಲಿ ಆ ಪಕ್ಷವನ್ನು ಕಟ್ಟೋಕೆ ಹೊರಟರು.

ಈಗ ಕಾಗೋಡಿನ ವಿಷಯ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಗೇಣಿ ಅನ್ನೋ ಪದದ ಅರ್ಥವೇ ನನಗೆ ಮೊದಲು ಸರಿಯಾಗಿ ಗೊತ್ತಿರಲಿಲ್ಲ. ಕಾಗೋಡು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಗದ್ದೆಯೆಲ್ಲ ಭೂಮಾಲೀಕರದ್ದು, ಉಳುವವರು ಗೇಣಿದಾರರು, ಹೆಚ್ಚಿನವರು ದೀವರ ಸಮುದಾಯದವರು. ಬೆಳೆ ಬಂದ ಮೇಲೆ ಮಾಲೀಕನಿಗೆ ಇಷ್ಟು ಭತ್ತ ಅಂತ ಅಳೆದು ಕೊಡಬೇಕು, ಅದು ಗೇಣಿ. ಭತ್ತ ಅಳೆಯೋ ಪಾತ್ರೆಗೆ ಕೊಳಗ ಅಂತಾರೆ. ಜಗಳ ಇದ್ದಿದ್ದು ಈ ಕೊಳಗದ್ದೇ. ಗೇಣಿ ತಗೊಳ್ಳುವಾಗ ಧಣಿ ಬಳಸ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು. ಲೆಕ್ಕದಲ್ಲಿ ಅಷ್ಟೇ ಕೊಳಗ, ಭತ್ತ ಮಾತ್ರ ಜಾಸ್ತಿ.

ಮೊದಲ ವರ್ಷದ ಲ್ಯಾಬ್‌ನಲ್ಲಿ ನಮಗೆ ಸಿಸ್ಟಮ್ಯಾಟಿಕ್ ಎರರ್ ಅಂತ ಹೇಳಿಕೊಟ್ಟಿದ್ದರು ನೆನಪಿದೆಯಾ? ಉಪಕರಣವೇ ತಪ್ಪಾಗಿದ್ದರೆ ನೂರು ಸಲ ಅಳೆದು ಸರಾಸರಿ ತೆಗೆದರೂ ತಪ್ಪು ಹೋಗಲ್ಲ, ಒಂದೇ ದಿಕ್ಕಿಗೆ ವಾಲುತ್ತೆ. ಕಾಗೋಡಿನಲ್ಲಿ ಅದು ಪ್ರತಿ ಸುಗ್ಗಿಯಲ್ಲೂ ಒಂದೇ ಮನೆಯ ಕಣಜದ ಕಡೆಗೆ ವಾಲುತ್ತಿತ್ತು. ಗೇಣಿದಾರರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಚೆನ್ನಾಗೇ ಗೊತ್ತಿತ್ತು. ಕೇಳಿದರೆ ಗದ್ದೆ ಬಿಡಿಸ್ತಾರೆ, ಅಷ್ಟೇ. ಇದರ ಮೇಲೆ ಧಣಿಯ ಮನೆಗೆ ಬಿಟ್ಟಿ ದುಡಿಮೆ, ಜಾತಿಯ ಅವಮಾನ ಬೇರೆ.

ಎಚ್. ಗಣಪತಿಯಪ್ಪನವರು ಈ ಗೇಣಿದಾರರನ್ನು ಸೇರಿಸಿ ರೈತ ಸಂಘ ಮಾಡಿದರು. ಇಲ್ಲಿ ಒಂದು ಮಾತು ಹೇಳಲೇಬೇಕು. ಕಾಗೋಡು ಅಂದ ತಕ್ಷಣ ಗೋಪಾಲಗೌಡರ ಹೆಸರು, ಲೋಹಿಯಾ ಹೆಸರು ಬರುತ್ತೆ, ಆದರೆ ಮೊದಲು ಮನೆಮನೆ ತಿರುಗಿದ್ದು ಗಣಪತಿಯಪ್ಪ. ಒಡೆಯರ ಕಡೆಯವರು ಮಾತಿಗೆ ಬಗ್ಗದೆ, ರೈತರನ್ನು ಗದ್ದೆಯಿಂದ ಬಿಡಿಸೋಕೆ ಹೊರಟಾಗ, 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ಗೋಪಾಲಗೌಡರೂ ಅವರ ಸಮಾಜವಾದಿ ಪಕ್ಷವೂ ಅದರ ಬೆನ್ನಿಗೆ ನಿಂತವು. ಸತ್ಯಾಗ್ರಹ ಅಂದ್ರೆ ಉಪವಾಸ ಅಲ್ಲ. ನೇಗಿಲು ಹಿಡಿದು ಗದ್ದೆಗೆ ಇಳಿಯೋದು, ಪೊಲೀಸರು ಹಿಡಿದುಕೊಂಡು ಹೋಗೋದು, ಮಾರನೇ ದಿನ ಇನ್ನೊಂದು ತಂಡ ಇಳಿಯೋದು. ಹೆಂಗಸರೂ ಇಳಿದರು. ನೂರಾರು ಜನ ಜೈಲಿಗೆ ಹೋದರು, ಗೌಡರೂ ಹೋದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೆ ಒಳಗಾದಾಗ ಈ ಸಣ್ಣ ಹಳ್ಳಿಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು.

ಆಮೇಲೆ ಗೆದ್ದರಾ? ಆ ವರ್ಷ ಇಲ್ಲ. ಭೂಮಿ ಕೂಡಲೇ ಯಾರ ಕೈಗೂ ಬರಲಿಲ್ಲ. ಸಿನಿಮಾ ಆಗಿದ್ದರೆ ಇಲ್ಲಿ ಕ್ಲೈಮ್ಯಾಕ್ಸ್ ಇರಬೇಕಿತ್ತು, ಆದರೆ ಮಳೆಗಾಲ ಬಂತು, ಜೈಲಿಂದ ಜನ ವಾಪಸ್ ಬಂದರು, ಗದ್ದೆ ಬಿಡಿಸಿಕೊಂಡವರ ಮನೆಯಲ್ಲಿ ಕಷ್ಟ ಇನ್ನೂ ಹೆಚ್ಚಾಯಿತು.

ಮರುವರ್ಷ ಮೊದಲ ಸಾರ್ವತ್ರಿಕ ಚುನಾವಣೆ. ಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಕಾಂಗ್ರೆಸ್ ವಿರುದ್ಧ ನಿಂತರು. ಕೈಯಲ್ಲಿ ದುಡ್ಡಿಲ್ಲ. ಅದಕ್ಕೆ ಅವರು ಮಾಡಿದ್ದು ತುಂಬಾ ಸರಳ: ಜನರ ಹತ್ತಿರ ಒಂದು ವೋಟು ಕೇಳಿದರು, ಜೊತೆಗೆ ಒಂದು ರೂಪಾಯಿಯ ನೋಟೂ ಕೇಳಿದರು. ಗೇಣಿ ಕೊಟ್ಟು ಉಳಿದಿದ್ದರಲ್ಲಿ ಬದುಕೋ ಮನೆಯಿಂದ ಒಂದು ರೂಪಾಯಿ ಕೇಳೋದು ನ್ಯಾಯವಾ ಅಂತ ಮೊದಲು ನನಗೆ ಅನ್ನಿಸಿತ್ತು. ಆದರೆ ರೂಪಾಯಿ ಕೊಟ್ಟವನು ಬರೀ ಮತದಾರ ಅಲ್ಲ, ಅವನಿಗೂ ಆ ಚುನಾವಣೆಯಲ್ಲಿ ಪಾಲು ಇರುತ್ತೆ. ನಾಳೆ ಗೆದ್ದವನ ಮನೆ ಬಾಗಿಲಿಗೆ ಹೋಗಿ ಲೆಕ್ಕ ಕೇಳಬಹುದು. ದುಡ್ಡು ಅಭ್ಯರ್ಥಿಯಿಂದ ಮತದಾರನಿಗೆ ಹರಿಯೋದನ್ನೇ ನಾವು ನೋಡಿ ಅಭ್ಯಾಸ ಆಗಿರೋದು, ಇದು ಉಲ್ಟಾ. ಗೌಡರು ಗೆದ್ದರು. ಇಪ್ಪತ್ತೊಂಬತ್ತರ ಆಸುಪಾಸಿನಲ್ಲಿ ಶಾಸಕರಾದರು.

1957ರಲ್ಲಿ ಸೋತರು. 1962ರಲ್ಲಿ, 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಈ ಮಧ್ಯೆ ಸಮಾಜವಾದಿ ಪಕ್ಷ ಒಡೆದು, ಸೇರಿ, ಮತ್ತೆ ಒಡೆದು ಏನೇನೋ ಆಯಿತು. ಅದನ್ನೆಲ್ಲ ಇಲ್ಲಿ ಬರೆದರೆ ನಿಮಗೂ ತಲೆನೋವು, ನನಗೂ. ಗೌಡರು ಆ ಗುಂಪು ಬಿಟ್ಟು ಆಳುವ ಪಕ್ಷದ ಕಡೆ ಹೋಗಲಿಲ್ಲ ಅನ್ನೋದಷ್ಟು ಸಾಕು.

ಸದನದಲ್ಲಿ ಅವರು ಸಿಟ್ಟಿನ ಮನುಷ್ಯ. ಅಂಕಿಅಂಶ ಓದಿಕೊಂಡು ಬಂದು ಮಂತ್ರಿಗಳನ್ನ ಹಿಡಿದು ನಿಲ್ಲಿಸೋರು. ಉಳುವವನಿಗೆ ಭೂಮಿ, ಆಡಳಿತದಲ್ಲಿ ಕನ್ನಡ, ಮೈಸೂರು ಅನ್ನೋ ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು, ಈ ಮೂರನ್ನ ಬಿಡದೆ ಕೇಳಿದರು. ಆ ಸಿಟ್ಟು ಕೆಲವು ಸಲ ಅತಿಯೂ ಆಗುತ್ತಿತ್ತು ಅಂತ ನನಗೆ ಅನ್ನಿಸುತ್ತೆ. ಸದನದಿಂದ ಆಚೆ ಮಾತ್ರ ಸಾಹಿತ್ಯ, ಸಂಗೀತ ಅಂದ್ರೆ ಜೀವ. ಯು. ಆರ್. ಅನಂತಮೂರ್ತಿ ತರಹದ ಆಗಿನ ಹುಡುಗರು ಅವರ ಸುತ್ತ ಇದ್ದರು. ಮುಂದೆ ಅನಂತಮೂರ್ತಿಯವರು ಬರೆದ ‘ಅವಸ್ಥೆ’ ಕಾದಂಬರಿಯ ನಾಯಕನ ಹಿಂದೆ ಗೌಡರ ನೆರಳಿದೆ. ನಮ್ಮ ಲೈಬ್ರರಿಯಲ್ಲಿ ಸಿಕ್ಕರೆ ಓದಿ, ಆದರೆ ಅದು ಕಾದಂಬರಿ, ಗೌಡರ ಜೀವನಚರಿತ್ರೆ ಅಂತ ಓದಬೇಡಿ.

ಅವರು ಆಸ್ತಿ ಮಾಡಲಿಲ್ಲ. ಕೊನೆಯ ವರ್ಷಗಳು ಕಾಯಿಲೆಯಲ್ಲೇ ಹೋದವು. 1972ರ ಜೂನ್ 9ರಂದು, ನಲವತ್ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ಮುಂದಿನ ತಿಂಗಳೇ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡೋ ನಿರ್ಣಯವನ್ನ ವಿಧಾನಸಭೆ ಒಪ್ಪಿತು. 1973ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್‌ನಲ್ಲಿ ಜಾರಿಗೆ ಬಂದು ಗೇಣಿ ಪದ್ಧತಿ ಕೊನೆಯಾಯಿತು. ಎರಡನ್ನೂ ಮಾಡಿದ್ದು ಅವರು ಜೀವನಪೂರ್ತಿ ಎದುರಿಸಿದ ಕಾಂಗ್ರೆಸ್ಸೇ.

ಅವರ ಹಿಂದೆ ಬಂದ ಸಮಾಜವಾದಿ ಹುಡುಗರಲ್ಲಿ ಎಸ್. ಬಂಗಾರಪ್ಪ ಮತ್ತು ಜೆ. ಎಚ್. ಪಟೇಲ್ ಮುಖ್ಯಮಂತ್ರಿಗಳಾದರು. ಇನ್ನೊಬ್ಬರು ಕಾಗೋಡಿನವರೇ, ತಿಮ್ಮಪ್ಪ ಅಂತ. ಅವರು ವಿಧಾನಸಭೆಯ ಸ್ಪೀಕರ್ ಆದರು, ಆಮೇಲೆ ಭೂಮಿಯ ದಾಖಲೆಗಳನ್ನೆಲ್ಲ ನೋಡಿಕೊಳ್ಳೋ ಕಂದಾಯ ಖಾತೆಯ ಮಂತ್ರಿಯೂ ಆದರು.