ಆಗ್ನರ್ ಕ್ರಾರುಪ್ ಎರ್ಲಾಂಗ್

ಆಗ್ನರ್ ಕ್ರಾರುಪ್ ಎರ್ಲಾಂಗ್ (ಜನವರಿ 1, 1878 – ಫೆಬ್ರವರಿ 3, 1929) ಡೆನ್ಮಾರ್ಕ್ ದೇಶದ ಗಣಿತಜ್ಞರು ಹಾಗೂ ದೂರವಾಣಿ ತಜ್ಞರು. ದೂರವಾಣಿ ಜಾಲಕ್ಕೆ ಎಷ್ಟು ಮಾರ್ಗಗಳು ಬೇಕು, ಅವೆಲ್ಲ ತುಂಬಿದಾಗ ಎಷ್ಟು ಕರೆಗಳು ನಷ್ಟವಾಗುತ್ತವೆ ಎಂಬುದನ್ನು ಲೆಕ್ಕ ಹಾಕುವ ವಿಧಾನವನ್ನು ಇವರು ರೂಪಿಸಿದರು. ಸರತಿ ಸಿದ್ಧಾಂತದ ಮೂಲಪುರುಷರೆಂದು ಇವರನ್ನು ಪರಿಗಣಿಸಲಾಗಿದೆ.

ಜನನ ಮತ್ತು ಶಿಕ್ಷಣ

ಎರ್ಲಾಂಗ್ ಜಟ್‌ಲ್ಯಾಂಡ್ ಪ್ರದೇಶದ ಲೋನ್‌ಬೋರ್ಗ್ ಗ್ರಾಮದಲ್ಲಿ ಜನಿಸಿದರು. ತಂದೆ ಹಳ್ಳಿಯ ಶಾಲೆಯ ಉಪಾಧ್ಯಾಯರು. 14ನೆಯ ವಯಸ್ಸಿನಲ್ಲಿಯೇ ವಿಶೇಷ ಅನುಮತಿ ಪಡೆದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಪ್ರಾಥಮಿಕ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಬಳಿಕ ಊರಿಗೆ ಮರಳಿ ಎರಡು ವರ್ಷ ತಂದೆಯ ಶಾಲೆಯಲ್ಲಿ ಪಾಠ ಹೇಳಿದರು. 1901ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮುಂದಿನ ಏಳು ವರ್ಷ ಶಾಲಾ ಶಿಕ್ಷಕರಾಗಿದ್ದರು.

ವೃತ್ತಿಜೀವನ

ಡೆನ್ಮಾರ್ಕಿನ ಗಣಿತಜ್ಞರ ಸಂಘದ ಸಭೆಗಳಲ್ಲಿ ಎರ್ಲಾಂಗ್ ಅವರಿಗೆ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಮುಖ್ಯ ಎಂಜಿನಿಯರ್ ಆಗಿದ್ದ ಗಣಿತಜ್ಞ ಯೋಹಾನ್ ಯೆನ್ಸೆನ್ ಅವರ ಪರಿಚಯವಾಯಿತು. ಇದರ ಫಲವಾಗಿ 1908ರಲ್ಲಿ ಆ ಕಂಪನಿಯನ್ನು ಸೇರಿ, ಕೊನೆಯವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದರು. ಕೇಬಲ್‌ಗಳ ಅಳತೆಗಾಗಿ, ಏಣಿ ಹೊತ್ತ ಕೆಲಸಗಾರನೊಡನೆ ನಗರದ ಬೀದಿಗಳಲ್ಲಿ ಸಂಚರಿಸಿ ನೆಲದಡಿಯ ಗುಂಡಿಗಳಿಗೆ ಸ್ವತಃ ಇಳಿಯುತ್ತಿದ್ದರು.

ಸಂಶೋಧನೆ

ಮಾರ್ಗಗಳು ಕಡಿಮೆಯಾದರೆ ಕರೆಗಳು ನಷ್ಟವಾಗುತ್ತವೆ. ಹೆಚ್ಚಾದರೆ ಹಣ ವ್ಯರ್ಥವಾಗುತ್ತದೆ. ಇವೆರಡರ ನಡುವಿನ ಪ್ರಮಾಣವನ್ನು ನಿರ್ಧರಿಸುವುದು ಎರ್ಲಾಂಗ್ ಅವರ ಮುಂದಿದ್ದ ಸಮಸ್ಯೆ. ಯಾದೃಚ್ಛಿಕವಾಗಿ ಬರುವ ಕರೆಗಳ ಸಂಖ್ಯೆ ಪಾಯ್ಸನ್ ವಿತರಣೆಯನ್ನು ಅನುಸರಿಸುತ್ತದೆಯೆಂದು 1909ರ ಪ್ರಬಂಧದಲ್ಲಿ ತೋರಿಸಿದರು. 1917ರಲ್ಲಿ ಕರೆನಷ್ಟ ಹಾಗೂ ಕಾಯುವ ಅವಧಿಯನ್ನು ಕುರಿತ ಸೂತ್ರಗಳನ್ನು ಪ್ರಕಟಿಸಿದರು. ಬ್ರಿಟನ್ನಿನ ಅಂಚೆ ಇಲಾಖೆಯೂ ಸೇರಿದಂತೆ ಹಲವು ದೇಶಗಳ ದೂರವಾಣಿ ಸಂಸ್ಥೆಗಳು ಇವನ್ನು ಬಳಕೆಗೆ ತಂದವು.

ಒಂದು ಗಂಟೆಯಲ್ಲಿ ಸರಾಸರಿ ಮೂರು ನಿಮಿಷಗಳ 20 ಕರೆಗಳು ಬಂದರೆ ಆ ದಟ್ಟಣೆ 1 ಎರ್ಲಾಂಗ್. ನಷ್ಟಸೂತ್ರದ ಪ್ರಕಾರ ಇಷ್ಟು ದಟ್ಟಣೆಗೆ ಒಂದೇ ಮಾರ್ಗವಿದ್ದರೆ ಶೇ. 50ರಷ್ಟು ಕರೆಗಳು ನಷ್ಟವಾಗುತ್ತವೆ. ಎರಡಿದ್ದರೆ ಶೇ. 20, ಮೂರಿದ್ದರೆ ಶೇ. 6.25, ನಾಲ್ಕಿದ್ದರೆ ಸುಮಾರು ಶೇ. 1.5 ನಷ್ಟವಾಗುತ್ತದೆ. ಅಂದರೆ ನಾಲ್ಕರಲ್ಲಿ ಒಂದು ಮಾರ್ಗ ಕೆಟ್ಟರೆ ನಷ್ಟವು ಸುಮಾರು ನಾಲ್ಕು ಪಟ್ಟಾಗುತ್ತದೆ.

ಬದಲಿ ಮಾರ್ಗಗಳ ಯೋಜನೆಗೆ ಈ ಲೆಕ್ಕವೇ ತಳಹದಿ. ನೇರ ಮಾರ್ಗಗಳೆಲ್ಲ ತುಂಬಿದಾಗ ವಿನಿಮಯ ಕೇಂದ್ರವು ಉಳಿದ ಕರೆಗಳನ್ನು ಬದಲಿ ಮಾರ್ಗಕ್ಕೆ ತಿರುಗಿಸುತ್ತದೆ. ಮಾರ್ಗ ಕೆಟ್ಟಾಗಲೂ ಹೀಗೆಯೇ ನಡೆಯುತ್ತದೆ. ಆದರೆ ಬದಲಿ ಮಾರ್ಗವು ತನ್ನದೇ ದಟ್ಟಣೆಯಿಂದ ತುಂಬಿದ್ದರೆ ತಿರುಗಿಸಿದ ಕರೆಗಳೂ ನಷ್ಟವಾಗುತ್ತವೆ. ಹೀಗೆ ಉಕ್ಕಿಬರುವ ಕರೆಗಳು ಗುಂಪುಗುಂಪಾಗಿ ಬರುವುದರಿಂದ ಮೂಲಸೂತ್ರವನ್ನು ಅವುಗಳಿಗೆ ನೇರವಾಗಿ ಅನ್ವಯಿಸಲಾಗದು. ಮುಂದಿನ ಎಂಜಿನಿಯರುಗಳು ಅದನ್ನು ಇದಕ್ಕಾಗಿ ವಿಸ್ತರಿಸಿದರು.

ವೈಯಕ್ತಿಕ ಜೀವನ ಮತ್ತು ನಿಧನ

ಎರ್ಲಾಂಗ್ ಅವಿವಾಹಿತರಾಗಿದ್ದರು. ಗಣಿತ, ಖಗೋಳಶಾಸ್ತ್ರ ಮತ್ತು ಭೌತಶಾಸ್ತ್ರ ಗ್ರಂಥಗಳ ದೊಡ್ಡ ಸಂಗ್ರಹ ಅವರಲ್ಲಿತ್ತು. ಬಡವರಿಗೆ ಸದ್ದಿಲ್ಲದೆ ನೆರವಾಗುತ್ತಿದ್ದರು. ಉದರದ ಶಸ್ತ್ರಚಿಕಿತ್ಸೆಯ ನಂತರ 51ನೆಯ ವಯಸ್ಸಿನಲ್ಲಿ ಕೋಪನ್‌ಹೇಗನ್‌ನಲ್ಲಿ ನಿಧನರಾದರು.

ಸ್ಮರಣೆ

1946ರಲ್ಲಿ ದೂರವಾಣಿ ದಟ್ಟಣೆಯ ಅಂತರರಾಷ್ಟ್ರೀಯ ಮಾನಕ್ಕೆ ಎರ್ಲಾಂಗ್ ಎಂಬ ಹೆಸರನ್ನು ಅಂಗೀಕರಿಸಲಾಯಿತು. 1980ರ ದಶಕದಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯು ದೂರವಾಣಿ ಸ್ವಿಚ್‌ಗಳಿಗಾಗಿ ರೂಪಿಸಿದ ಪ್ರೋಗ್ರಾಮಿಂಗ್ ಭಾಷೆಗೂ ಇದೇ ಹೆಸರಿದೆ. ಒಂದು ಭಾಗ ಕೆಟ್ಟರೂ ಉಳಿದ ವ್ಯವಸ್ಥೆ ನಿಲ್ಲದೆ ಕೆಲಸ ಮಾಡುವಂತಿರಬೇಕೆಂಬುದು ಆ ಭಾಷೆಯ ಮುಖ್ಯ ಉದ್ದೇಶಗಳಲ್ಲಿ ಒಂದು.